ಹನ್ನೆರಡನೆಯ ಫೋಟೊ

ನಮ್ಮ ದಾವಣಗೆರೆ ಕಡೆಯವರಿಗೆ ಬಿಸಿಲು ಗೊತ್ತು, ಚಳಿ ಅಷ್ಟಾಗಿ ಗೊತ್ತಿಲ್ಲ. ಮಾಗಿಯಲ್ಲಿ ನಾಲ್ಕು ದಿನ ಹಲ್ಲು ಕಟಕಟ ಎನ್ನುವ ಹಾಗೆ ಬಿತ್ತೆಂದರೆ ಯುಗಾದಿಯವರೆಗೂ ಅದರದೇ ಮಾತು. 1982ರ ಸಂಕ್ರಾಂತಿಯ ಚಳಿ ನನಗೆ ಇನ್ನೂ ನೆನಪಿರುವುದು ಒಂದು ಫೋಟೊದ ದೆಸೆಯಿಂದ.

ಅಪ್ಪ ಹತ್ತಿ ಗಿರಣಿಯ ಕೆಲಸಗಾರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಮ್ಮೆಯಿಂದ ಕರೆಯುತ್ತಿದ್ದ ಕಾಲ ಅದು. ಯಾರೋ ಗೆಳೆಯರಿಂದ ಅವರು ಹಳೆಯ ಆಗ್ಫಾ ಕ್ಲಿಕ್-3 ಕ್ಯಾಮೆರಾ ಕೊಂಡಿದ್ದರು. ಒಂದು ರೋಲಿಗೆ ಹನ್ನೆರಡೇ ಫೋಟೊ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಅಷ್ಟೇ ಅದರ ವಿದ್ಯೆ. ಷಟರು ತೆರೆದು ಮುಚ್ಚಲು ಸೆಕೆಂಡಿನ ಒಂದು ಸಣ್ಣ ಭಾಗ ಬೇಕು. ಅಷ್ಟರಲ್ಲಿ ಕೈ ಅಲುಗಿದರೂ, ಎದುರಿನವರು ಅಲುಗಿದರೂ ಚಿತ್ರ ಕೆಟ್ಟಿತು.

ಸಂಕ್ರಾಂತಿಗೆ ಹರಿಹರದ ಹೊಳೆಗೆ ಹೋಗುವುದು ನಮ್ಮ ಕಡೆಯ ರೂಢಿ. ಆಗ ಎರಡೂ ಊರು ಚಿತ್ರದುರ್ಗ ಜಿಲ್ಲೆಯವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅವ್ವ ನಸುಕಿನಲ್ಲೇ ಎದ್ದು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕುಂಬಳಕಾಯಿ ಪಲ್ಯದ ಬುತ್ತಿ ಕಟ್ಟಿದ್ದಳು. ಬೆಳಗಿನ ರೈಲಿಗೆ ಹೋಗಿ ಇಳಿದೆವು. ತುಂಗಭದ್ರೆಯ ಮೇಲೆ ಹಬೆಯಂತೆ ಮಂಜು. ನೀರಿನಲ್ಲಿದ್ದಾಗಲೇ ಬೆಚ್ಚಗಿತ್ತು, ಮೇಲೆ ಬಂದರೆ ಗಾಳಿ ಕೊಯ್ಯುತ್ತಿತ್ತು.

ಹರಿಹರೇಶ್ವರನ ಗುಡಿಗೆ ಬಂದಾಗ ಮಂಜು ಹರಿದು ಎಳೆಬಿಸಿಲು ಮಂಟಪದ ಕಂಬಗಳಿಗೆ ತಾಗಿತ್ತು. ಈ ಗುಡಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಸುಮಾರು 1224ರಲ್ಲಿ ಕಟ್ಟಿಸಿದ್ದು. 1268ರಲ್ಲಿ ಸೋಮ ದಂಡನಾಯಕ ಅದನ್ನು ಬೆಳೆಸಿದ. ಒಳಗಿರುವ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಕಂಬಗಳನ್ನು ಬಳೆ ಬಳೆಯಾಗಿ ತಿರುಗಣೆಯಲ್ಲಿ ಕಡೆದಿದ್ದಾರೆ. ಇಂಥ ಊರಿನಲ್ಲೇ 1941ರಲ್ಲಿ ಲೇತ್ ಯಂತ್ರ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿದ್ದು ಅಪ್ಪನಿಗೆ ಬಲು ಸೋಜಿಗ.

ಹನ್ನೊಂದು ಫೋಟೊ ಆದವು. ಅಜ್ಜ, ಕಾಕಾ, ನಾನು, ತಮ್ಮ, ಹೊಳೆ, ಗುಡಿ. ಅವ್ವ ಒಂದರಲ್ಲೂ ಇಲ್ಲ. ಆಕೆಯ ಕೈಯಲ್ಲಿ ಎಲ್ಲರ ಒದ್ದೆ ಬಟ್ಟೆಯ ಗಂಟು. ಸೀರೆಯ ಮೇಲೆ ಅಪ್ಪನ ಹಳೆಯ ಕೋಟು ತೊಟ್ಟು, ತಲೆಗೆ ಟವೆಲು ಸುತ್ತಿದ್ದಳು. ಅಪ್ಪ ಕರೆದರೆ, "ಬ್ಯಾಡ್ರಿ, ಈ ಅವತಾರದಾಗ ನಂದ್ಯಾಕೆ ಫೋಟೊ?" ಎಂದು ಹಿಂದೆ ಸರಿದಳು.

ಕೊನೆಯದನ್ನು ನಾನು ತೆಗೆಯುತ್ತೇನೆಂದು ಹಟ ಹಿಡಿದೆ. "ಚಳಿಗೆ ಕೈ ನಡುಗ್ತತಿ, ಜಗಲಿ ಮ್ಯಾಲೆ ಇಟ್ಟು ಒತ್ತು" ಎಂದರು ಅಪ್ಪ. ಕಂಬಕ್ಕೆ ಗುರಿಯಿಟ್ಟಂತೆ ಮಾಡಿ ಅವ್ವನತ್ತ ಒತ್ತಿದೆ. ಸದ್ದಿಗೆ ಆಕೆ ಥಟ್ಟನೆ ಮುಖ ತಿರುಗಿಸಿದಳು.

ಸ್ಟುಡಿಯೊದವರು ಹನ್ನೊಂದೇ ಪ್ರಿಂಟು ಕೊಟ್ಟರು. "ಇದರಾಗೆ ಅಮ್ಮಾರು ಅಲ್ಲಾಡ್ಯಾರೆ, ದಂಡ" ಎಂದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ನಾನೂ.

ಮುಂದೆ ಇತಿಹಾಸ ಓದಿ, ಇತಿಹಾಸವನ್ನೇ ಪಾಠ ಹೇಳುವ ಟೀಚರಾದೆ. ಆಗ ತಿಳಿದದ್ದು: ನಮಗಿಂತ ನೂರಿಪ್ಪತ್ತೈದು ವರ್ಷ ಮೊದಲೇ ಈ ಗುಡಿಯ ಎದುರು ಕ್ಯಾಮೆರಾ ನಿಂತಿತ್ತು. 1850ರ ದಶಕದಲ್ಲಿ ಬಿಗ್ಸ್ ಎಂಬ ಸೇನಾಧಿಕಾರಿ, ಪಿಗೌ ಎಂಬ ವೈದ್ಯರು, ನೀಲ್ ಎಂಬವರು ಧಾರವಾಡ, ಮೈಸೂರು ಸೀಮೆಯ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾದವು. ಮೆಡೋಸ್ ಟೇಲರ್, ಫರ್ಗುಸನ್ ಅದಕ್ಕೆ ಬರೆದರು. ಹರಿಹರದ ಗುಡಿಯೂ ಅದರಲ್ಲಿದೆ. ಆಗ ಫಿಲ್ಮು ಇರಲಿಲ್ಲ, ರಾಸಾಯನಿಕ ಸವರಿದ ಕಾಗದವೇ ನೆಗೆಟಿವ್. ಬೆಳಕು ಅದರ ಮೇಲೆ ಬಹಳ ಹೊತ್ತು ಬೀಳಬೇಕಿತ್ತು. ನಿಂತ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ನಡೆದಾಡುವವರು, ಕಸ ಗುಡಿಸುವವರು, ಕೊಡ ಹೊತ್ತವರು ಬರೀ ಮಸುಕಾಗುತ್ತಿದ್ದರು, ಇಲ್ಲವೇ ಗುರುತೇ ಉಳಿಯುತ್ತಿರಲಿಲ್ಲ. ಸುಮ್ಮನೆ ನಿಲ್ಲಲು ಪುರುಸೊತ್ತಿದ್ದವರು ಮಾತ್ರ ಉಳಿದರು.

ಇದನ್ನು ಓದಿದ ದಿನ ನನಗೆ ಆ ಹನ್ನೆರಡನೆಯ ಫೋಟೊ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ಅವ್ವ ತೀರಿಕೊಂಡಾಗ. ಗೋಡೆಗೆ ಹಾಕಲು ಫೋಟೊ ಹುಡುಕಿದರೆ ಇದ್ದದ್ದು ಮತದಾರರ ಗುರುತಿನ ಚೀಟಿಯದು ಒಂದೇ. ಅದನ್ನೇ ದೊಡ್ಡದು ಮಾಡಿಸಿದೆವು. ನೋಡಿದವರು ಯಾರೂ "ಇದು ನಿಮ್ಮವ್ವ" ಎನ್ನಲಿಲ್ಲ. ಕಳ್ಳಿಯನ್ನು ಹಿಡಿದು ನಿಲ್ಲಿಸಿದ ಹಾಗಿತ್ತು ಆ ಮುಖ.

ಅಪ್ಪನ ಟ್ರಂಕಿನಲ್ಲಿ ನೆಗೆಟಿವ್‌ಗಳು ಸಿಕ್ಕವು. ದಾವಣಗೆರೆಯ ಹುಡುಗನೊಬ್ಬ ಸ್ಕ್ಯಾನ್ ಮಾಡಿಕೊಟ್ಟ. ಕಂಬದ ಒಂದೊಂದು ಬಳೆಯೂ ಎಣಿಸುವಷ್ಟು ಸ್ಪಷ್ಟ. ಪಕ್ಕದಲ್ಲಿ ಕೋಟು, ಟವೆಲು, ಬಟ್ಟೆಯ ಗಂಟು. ಮುಖ ಮಾತ್ರ ಮಸುಕು. ಆದರೂ ನೋಡಿದ ತಕ್ಷಣ ತಮ್ಮ, "ಅವ್ವ!" ಎಂದ. ಎಲ್ಲಿಯಾದರೂ ತಟ್ಟನೆ ತಿರುಗುವ ಆಕೆಯ ಕತ್ತು ಅದು.

ಆ ವರ್ಷ ಎಂಟನೇ ತರಗತಿಯ ಮಕ್ಕಳಿಗೆ ನಿಮ್ಮ ಅಜ್ಜಿಯದೊಂದು ಹಳೆಯ ಫೋಟೊ ತನ್ನಿ ಎಂದೆ. ಹೆಚ್ಚಿನವರು ತಂದದ್ದು ಮದುವೆಯದು, ಇಲ್ಲವೇ ಗುರುತಿನ ಚೀಟಿಯದು. ಒಲೆಯ ಮುಂದೆಯೋ, ಹೊಲದಲ್ಲೋ, ಹೊಳೆಯ ದಂಡೆಯಲ್ಲೋ ಇದ್ದದ್ದು ಎರಡೇ. ಪೋಲಾಳ್ವನ ಹೆಸರು ಶಾಸನದಿಂದ ಉಳಿಯಿತು. ಅವನ ಗುಡಿಗೆ ಕಲ್ಲು ಕಡೆದವರಿಗೆ ರೊಟ್ಟಿ ಬಡಿದು ಹಾಕಿದವರೂ ಇದ್ದಿರಲೇಬೇಕಲ್ಲ ಎಂದು ಮಕ್ಕಳಿಗೆ ಕೇಳಿದೆ. ಒಬ್ಬ ಹುಡುಗಿ, "ಅವರ ಹೆಸರು ಎಲ್ಲೈತ್ರಿ ಮಿಸ್?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಹನ್ನೆರಡರ ಲೆಕ್ಕವಿಲ್ಲ. ಆದರೂ ತೆಗೆಯುವಾಗ ನಾವು ಹೆಂಗಸರು, "ಬ್ಯಾಡ, ತಲೆ ಬಾಚಿಲ್ಲ" ಎನ್ನುವುದು ನಿಂತಿಲ್ಲ. ನಾನೂ ಹಾಗೇ ಅನ್ನುತ್ತಿದ್ದೆ. ಈ ಮಾಗಿಯಲ್ಲಿ ಹರಿಹರಕ್ಕೆ ಹೋದಾಗ ಮಗಳು ಕ್ಯಾಮೆರಾ ಎತ್ತಿದಳು. ಕಿವಿಗೆ ಮಫ್ಲರ್, ಮೈಮೇಲೆ ಯಜಮಾನರ ಸ್ವೆಟರು. ಬೇಡ ಎನ್ನಲು ಬಾಯಿ ತೆರೆದವಳು ಸುಮ್ಮನೆ ನಿಂತೆ.

ಮನೆಗೆ ಬಂದು ಹಳೆಯ ಫೋಟೊದ ಹಿಂದೆ ಬರೆದೆ: ಅವ್ವನ ಹೆಸರು, ಊರು ಹರಿಹರ, ಸಂಕ್ರಾಂತಿ 1982, ತೆಗೆದವಳು ಮಗಳು.