ಉನ್ನತ ಶಿಕ್ಷಣ ನೀತಿ: ಅಂತರರಾಷ್ಟ್ರೀಯ ಸಂಸ್ಥೆಗಳು ಹಾಗೂ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು

ಪೀಠಿಕೆ:
ಅಂತರರಾಷ್ಟ್ರೀಯ ಸಂಸ್ಥೆಗಳ ಶಿಫಾರಸುಗಳಿಗೆ ಭಾರತದಲ್ಲಿ ತಾವಾಗಿಯೇ ಕಾನೂನಿನ ಬಲವಿರುವುದಿಲ್ಲ. 1976ರ 42ನೇ ತಿದ್ದುಪಡಿಯನ್ವಯ ಶಿಕ್ಷಣವು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದ್ದು, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಅಂಗೀಕರಿಸಿದ ಅಂಶಗಳು ಕಾಲೇಜುಗಳಲ್ಲಿ ಜಾರಿಗೆ ಬರುತ್ತವೆ.

ಪ್ರಮುಖ ಸಂಸ್ಥೆಗಳು:
1. ವಿಶ್ವ ಬ್ಯಾಂಕ್: ಉನ್ನತ ಶಿಕ್ಷಣದ ವೆಚ್ಚದಲ್ಲಿ ವಿದ್ಯಾರ್ಥಿಗಳೂ ಪಾಲು ಭರಿಸಬೇಕೆಂದು 1994ರ ವರದಿಯಲ್ಲಿ ಸಲಹೆ ನೀಡಿತು. ಯುನೆಸ್ಕೋದೊಡನೆ ರಚಿಸಿದ ಕಾರ್ಯಪಡೆಯ 2000ದ ವರದಿಯು ಉನ್ನತ ಶಿಕ್ಷಣದಲ್ಲಿ ಅಡಗಿರುವ ಸಾರ್ವಜನಿಕ ಹಿತವನ್ನು ಎತ್ತಿ ಹಿಡಿಯಿತು.
2. ಯುನೆಸ್ಕೋ: 1998ರ ಪ್ಯಾರಿಸ್ ವಿಶ್ವ ಸಮ್ಮೇಳನದ ಘೋಷಣೆಯು ಮೂಲನಿವಾಸಿಗಳು ಹಾಗೂ ದುರ್ಬಲ ವರ್ಗದವರ ಪ್ರವೇಶಕ್ಕೆ ವಿಶೇಷ ನೆರವು ನೀಡಬೇಕೆಂದು ತಿಳಿಸಿತು.
3. ವಿಶ್ವಸಂಸ್ಥೆ: 2015ರಲ್ಲಿ ಅಂಗೀಕರಿಸಿದ ಸುಸ್ಥಿರ ಅಭಿವೃದ್ಧಿ ಗುರಿಗಳ ಪ್ರಕಾರ, ವಿಶ್ವವಿದ್ಯಾಲಯ ಮಟ್ಟದ ಶಿಕ್ಷಣವೂ 2030ರೊಳಗೆ ಎಲ್ಲ ಸ್ತ್ರೀಪುರುಷರಿಗೆ ಕೈಗೆಟುಕುವ ವೆಚ್ಚದಲ್ಲಿ ದೊರೆಯಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಈ ಗುರಿಗಳನ್ನು ಉಲ್ಲೇಖಿಸಿದೆ.

ರಾಜ್ಯದ ನಿರ್ಧಾರ:
ಕರ್ನಾಟಕವು 2021-22ನೇ ಸಾಲಿನಿಂದ ಸದರಿ ನೀತಿಯನ್ವಯ ನಾಲ್ಕು ವರ್ಷಗಳ ಪದವಿಗೆ ಅವಕಾಶ ಕಲ್ಪಿಸಿ, 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿಗೆ ಮರಳಿತು.

ಸ್ಥಳೀಯ ಮಹತ್ವ:
ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಅರಣ್ಯ ಪ್ರದೇಶವು ಗಣನೀಯವಾಗಿದೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಗಳ ಪೋಡುಗಳಲ್ಲಿ ಪರಿಶಿಷ್ಟ ಪಂಗಡದ ಸೋಲಿಗರು ವಾಸವಾಗಿದ್ದಾರೆ. ಇಲ್ಲಿನ ವಿದ್ಯಾರ್ಥಿಗಳಿಗೆ ಕಾಲೇಜಿನ ಶುಲ್ಕದೊಡನೆ ಬಸ್ ಸೌಕರ್ಯ, ವಿದ್ಯಾರ್ಥಿನಿಲಯ ಹಾಗೂ ವಿದ್ಯಾರ್ಥಿವೇತನವೂ ಅಷ್ಟೇ ಮುಖ್ಯ. ವೆಚ್ಚವನ್ನು ವಿದ್ಯಾರ್ಥಿ ಭರಿಸಬೇಕೇ, ಸರ್ಕಾರ ಭರಿಸಬೇಕೇ ಎಂಬ ಜಾಗತಿಕ ಚರ್ಚೆಯ ಫಲವು ಇಂತಹ ಕುಟುಂಬಗಳ ಮಕ್ಕಳು ಪದವಿ ತರಗತಿಗೆ ಸೇರುವರೇ ಎಂಬುದರಲ್ಲಿ ಕಂಡುಬರುತ್ತದೆ.