ಸರಿದ ನಕ್ಷತ್ರ, ಉಳಿದ ನಕ್ಷೆ

1977ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಕಂಪನಿ ಕರಿ ರಟ್ಟಿನ ಮೂರು ಪುಟ್ಟ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರಿತು. ಮಾರ್ಕ್ ಮಿಲ್ಲರ್ ರೂಪಿಸಿದ ಆ ಆಟದ ಹೆಸರು ‘ಟ್ರಾವೆಲರ್’. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟ ಅದು. ಅದರ ಎರಡನೇ ಪುಸ್ತಕದಲ್ಲೊಂದು ಸೂತ್ರವಿದೆ: ದೂರವನ್ನು ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಪ್ರಯಾಣದ ಸಮಯ. ಅರ್ಧ ದಾರಿ ವೇಗ ಏರಿಸುತ್ತ, ಇನ್ನರ್ಧ ಇಳಿಸುತ್ತ ಸಾಗುವ ನೌಕೆಗೆ ಇದು ಅಪ್ಪಟ ನ್ಯೂಟನ್ ಲೆಕ್ಕ. ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷವಿದ್ದರೆ ಹತ್ತು ಲಕ್ಷ ಕಿಲೋಮೀಟರಿಗೆ ಸುಮಾರು ಐದೂವರೆ ಗಂಟೆ. ಅದೇ ಪುಸ್ತಕದಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಯುವ ‘ಜಂಪ್’ ಎಂಬ ಅಪ್ಪಟ ಕಲ್ಪನೆಯೂ ಇದೆ. ದೂರ ಒಂದು ಪಾರ್ಸೆಕ್ ಇರಲಿ, ಆರು ಇರಲಿ, ಜಂಪ್‌ಗೆ ಹಿಡಿಯುವುದು ಒಂದು ವಾರ. ಸುದ್ದಿಯೂ ನೌಕೆಯ ಜೊತೆಗೇ ಹೋಗಬೇಕು. ಆಮೇಲೆ ಬೆಳೆದ ಆ ಆಟದ ಸಾಮ್ರಾಜ್ಯವೆಲ್ಲ ನಿಂತಿರುವುದು ಈ ಒಂದು ವಾರದ ಮೇಲೆ. ರಾಜಧಾನಿಯ ಅಪ್ಪಣೆ ಬರಲು ತಿಂಗಳುಗಳು ಹಿಡಿಯುವಾಗ ಗಡಿಯ ಅಧಿಕಾರಿ ತಾನೇ ತೀರ್ಮಾನಿಸಬೇಕಾಗುತ್ತದೆ. ಆಟಗಾರರ ಸಾಹಸಕ್ಕೆ ಎಡೆ ಸಿಗುವುದು ಅಲ್ಲೇ.

ಇಂಥ ಆಟಗಳಲ್ಲಿ ವಿಜ್ಞಾನದ ತಪ್ಪನ್ನು ತಿದ್ದಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ತಪ್ಪಿನ ಗಾತ್ರ ನೋಡಿಯಲ್ಲ, ಆಟಗಾರರ ಎಷ್ಟು ಲೆಕ್ಕಾಚಾರಗಳು ಅದನ್ನು ನೆಚ್ಚಿಕೊಂಡಿವೆ ಎಂಬುದನ್ನು ನೋಡಿ. ಟ್ರಾವೆಲರ್‌ನಲ್ಲಿ ಲೋಕಗಳನ್ನು ಹುಟ್ಟಿಸುವುದು ದಾಳ. ಗಾತ್ರದ ಅಂಕಿಗೆ ಎರಡು ದಾಳ ಕೂಡಿಸಿ ಏಳು ಕಳೆದರೆ ವಾತಾವರಣ ಗೊತ್ತಾಗುತ್ತದೆ. ಹೀಗಾಗಿ ಸುಮಾರು 4,800 ಕಿ.ಮೀ. ವ್ಯಾಸದ, ಅಂದರೆ ಬುಧನಷ್ಟೇ ಪುಟ್ಟ ಗ್ರಹಕ್ಕೂ ದಟ್ಟವಾದ, ಉಸಿರಾಡಬಲ್ಲ ಗಾಳಿ ಸಿಕ್ಕಿಬಿಡಬಹುದು. ಅಷ್ಟು ದುರ್ಬಲ ಗುರುತ್ವ ಅಂಥ ಗಾಳಿಯನ್ನು ಕೋಟ್ಯಂತರ ವರ್ಷ ಹಿಡಿದಿಡುವುದು ಕಷ್ಟ. ತಪ್ಪು ದೊಡ್ಡದೇ. ಆದರೆ ಒಂದು ಗ್ರಹದ ಗಾಳಿಯನ್ನು ತೆಳುವಾಗಿಸಿದರೆ ಪಕ್ಕದ ಗ್ರಹದ ಕಥೆಗೆ ಏನೂ ಆಗದು. ಇಂಥ ಕಡೆ ಧಾರಾಳವಾಗಿ ತಿದ್ದಬಹುದು.

ಟ್ರಾವೆಲರ್‌ನ 1993ರ ‘ದಿ ನ್ಯೂ ಎರಾ’ ಆವೃತ್ತಿ ಕೈಹಾಕಿದ್ದು ಬೇರೆ ಜಾಗಕ್ಕೆ. ಏನನ್ನೂ ಹಿಂದಕ್ಕೆ ಎಸೆಯದೆ ಮುಂದಕ್ಕೆ ಹೋಗುವ ಹಳೆಯ ಎಂಜಿನ್ ನ್ಯೂಟನ್ನನ ಮೂರನೇ ನಿಯಮಕ್ಕೆ ವಿರುದ್ಧವೆಂದು ಅದನ್ನು ತೆಗೆದು, ಪ್ಲಾಸ್ಮಾ ಉಗುಳುವ ‘ಹೆಪ್ಲಾರ್’ ಎಂಜಿನ್ ತಂದರು. ಭೌತಶಾಸ್ತ್ರಕ್ಕೆ ಇದು ಒಂದು ಹೆಜ್ಜೆ ಹತ್ತಿರ, ನಿಜ. ಆದರೆ ದಾರಿಯುದ್ದಕ್ಕೂ ಎಂಜಿನ್ ಉರಿಸಲು ಈಗ ಇಂಧನದ ಮಿತಿ ಅಡ್ಡ ಬಂತು. ಆ ಹಳೆಯ ಸೂತ್ರವನ್ನು ನಿಶ್ಚಿಂತೆಯಿಂದ ಬಳಸುವಂತಿರಲಿಲ್ಲ. ಹದಿನಾರು ವರ್ಷ ಆಡಿದವರ ಹಡಗು, ಸರಕು, ಲಾಭನಷ್ಟಗಳೆಲ್ಲ ಅಲುಗಾಡಿದವು. 1996ರಲ್ಲಿ ಕಂಪನಿ ಮುಚ್ಚಿದ್ದಕ್ಕೆ ಇದೇ ಕಾರಣ ಎನ್ನುವುದು ಅನ್ಯಾಯ. ಆದರೂ ಈ ತಿದ್ದುಪಡಿಗೆ ತೆತ್ತ ಬೆಲೆ ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ.

ಎಲ್ಲವೂ ಕಲ್ಪನೆಯಾದ ಮೇಲೆ ವಿಜ್ಞಾನದ ಗೊಡವೆಯೇ ಏಕೆ ಎನ್ನುವವರಿದ್ದಾರೆ. ಆದರೆ ಆಟ ನಡೆಸುವವನ ಮನಸ್ಸಿನಲ್ಲಿರುವುದನ್ನು ಆಟಗಾರ ಊಹಿಸಲಾರ, ನ್ಯೂಟನ್ ಲೆಕ್ಕವನ್ನಾದರೆ ತಾನೇ ಮಾಡಿ ನೋಡಬಲ್ಲ. ವಿಜ್ಞಾನ ಅಲ್ಲಿ ಎಲ್ಲರಿಗೂ ಸಮನಾದ ನೆಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ವಿಜ್ಞಾನದ ಹೆಸರಿನಲ್ಲೇ ಮಾರಾಟವಾದ ಆಟ ಹೊಸ ಶೋಧಕ್ಕೆ ತಲೆಬಾಗಬೇಡವೇ? ಅದೇ ಕಂಪನಿ 1986ರಲ್ಲಿ ತಂದ, ಮುಂದೆ ‘2300ಎಡಿ’ ಎನಿಸಿಕೊಂಡ ಆಟಕ್ಕೆ ಈ ಪ್ರಶ್ನೆ ನೇರವಾಗಿ ತಾಗುತ್ತದೆ. ಅದರ ನಕ್ಷೆಯಲ್ಲಿ ಇರುವುದು ನಿಜವಾದ ನಕ್ಷತ್ರಗಳು, ಅಂದಿನ ಅಳತೆಯ ನಿಜವಾದ ದೂರಗಳು. ಅದರ ನೌಕೆ 7.7 ಜ್ಯೋತಿರ್ವರ್ಷದೊಳಗೆ ಯಾವುದಾದರೂ ಆಕಾಶಕಾಯದ ಗುರುತ್ವದ ಮಡಿಲು ಸೇರಲೇಬೇಕು. ಮೀರಿದರೆ ಎಂಜಿನ್ನಿನ ವಿಕಿರಣಕ್ಕೆ ಸಿಬ್ಬಂದಿ ಸಾಯುತ್ತಾರೆ. ಫ್ರೆಂಚರ, ಚೀನೀಯರ, ಅಮೆರಿಕನ್ನರ ವಸಾಹತುಗಳು ಮೂರು ತೋಳುಗಳಾಗಿ ಚಾಚಿರುವುದೂ ಈ ಮಿತಿಯಿಂದಲೇ. 1997ರಲ್ಲಿ ಹಿಪ್ಪಾರ್ಕಸ್ ಉಪಗ್ರಹದ ಪಟ್ಟಿ ನಕ್ಷತ್ರಗಳ ದೂರವನ್ನು ಹೆಚ್ಚು ನಿಖರವಾಗಿ ಹೇಳಿತು. 7.6 ಎಂದಿದ್ದ ಒಂದು ಅಂತರ 7.8 ಆದರೂ ಸಾಕು, ಆ ದಾರಿಯನ್ನು ನೆಚ್ಚಿದ ವಸಾಹತುಗಳ ಇತಿಹಾಸವೇ ಅಳಿಸಿಹೋಗುತ್ತದೆ. 2013ರಲ್ಲಿ 6.5 ಜ್ಯೋತಿರ್ವರ್ಷ ದೂರದಲ್ಲಿ ಲುಹ್ಮನ್ 16 ಎಂಬ ಕಂದು ಕುಬ್ಜಗಳ ಜೋಡಿ ಸಿಕ್ಕಿತು. ಆಟದ ನಕ್ಷೆಯಲ್ಲಿಲ್ಲದ ತಂಗುದಾಣವೊಂದು ಸೂರ್ಯನ ಹೊಸ್ತಿಲಲ್ಲೇ ಎದ್ದು ನಿಂತಂತಾಯಿತು. ಇವನ್ನೆಲ್ಲ ಸೇರಿಸಿ ಹೊಸ ನಕ್ಷೆ ಬರೆಯುವವರು ಬರೆಯಲಿ, ಆದರೆ ಅದು ಬೇರೆಯೇ ಆಟವಾಗುತ್ತದೆ. ಹಳೆಯದರ ಮೂಲೆಯಲ್ಲಿ ‘1986ರವರೆಗಿನ ಅಳತೆಗಳ ಪ್ರಕಾರ’ ಎಂದು ಒಂದು ಸಾಲು ಅಚ್ಚಾದರೆ, ವಿಜ್ಞಾನಕ್ಕೆ ಸಲ್ಲಬೇಕಾದ ಪ್ರಾಮಾಣಿಕತೆಯೂ ಸಲ್ಲುತ್ತದೆ, ಮೂರು ತೋಳುಗಳೂ ಇದ್ದಲ್ಲೇ ಇರುತ್ತವೆ.