ರೋಗಿಯ ಕಡತವೂ ಹೆಸರಿನ ತೊಡಕೂ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ನಾಗವರ್ಮನ ತೊಡಕು ಹೊಸದಲ್ಲ. ‘ಛಂದೋಂಬುಧಿ’ಯ ನಾಗವರ್ಮನೂ ‘ಕಾವ್ಯಾವಲೋಕನ’ದ ನಾಗವರ್ಮನೂ ಬೇರೆ ಬೇರೆಯೆಂದು ತಿಳಿಯಬೇಕಾದರೆ ಹೆಸರೊಂದನ್ನೇ ನಂಬಿದರೆ ಸಾಲದು, ಕಾಲ, ಆಶ್ರಯ, ಕೃತಿಯ ಒಳಸಾಕ್ಷ್ಯ ಎಲ್ಲವನ್ನೂ ಕೂಡಿಸಿ ನೋಡಬೇಕು. ಅಲ್ಲಿ ತಪ್ಪಿದರೆ ಕೆಡುವುದು ಚರಿತ್ರೆಯ ಒಂದು ಪುಟ. ಆಸ್ಪತ್ರೆಯಲ್ಲಿ ಇದೇ ತೊಡಕು ಎದುರಾಗಿ, ಒಬ್ಬನ ರಕ್ತದ ಗುಂಪು ಅದೇ ಹೆಸರಿನ ಇನ್ನೊಬ್ಬನ ಕಡತವನ್ನು ಸೇರಿತೆಂದರೆ ಕೆಡುವುದು ಜೀವ. ಒಂದು ಪ್ರಾಂತದ ಆಸ್ಪತ್ರೆಗಳೆಲ್ಲ ತಮ್ಮ ದಾಖಲೆಗಳನ್ನು ಗಣಕಯಂತ್ರದ ಮೂಲಕ ಹಂಚಿಕೊಳ್ಳುವ ಏರ್ಪಾಡಿನ ಕಥೆಯನ್ನು ಕನ್ನಡದ ಮೇಷ್ಟರೊಬ್ಬನು ಹೇಳಹೊರಟದ್ದು ವಿಚಿತ್ರವಾಗಿ ಕಂಡೀತು. ಆದರೆ ಆ ಕಥೆಯಲ್ಲಿ ಯಂತ್ರದ ಪಾಲಿಗಿಂತ ಪದಗಳ ಪಾಲೇ ದೊಡ್ಡದೆಂಬುದು ನನ್ನ ಎಣಿಕೆ.

ಇಂಗ್ಲೆಂಡಿನಲ್ಲಿ 1837ರಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಮೊದಲಾಯಿತು. ಬಂದ ಲೆಕ್ಕಗಳನ್ನು ಹಸನುಗೊಳಿಸಲು ಕುಳಿತ ವಿಲಿಯಂ ಫಾರ್ ಎಂಬ ವೈದ್ಯ 1839ರ ವರದಿಯಲ್ಲೇ ಗೊಣಗಿದ: ಒಂದು ರೋಗಕ್ಕೆ ಮೂರು ನಾಲ್ಕು ಹೆಸರು, ಒಂದೊಂದು ಹೆಸರಿಗೂ ಮೂರು ನಾಲ್ಕು ರೋಗ, ಹೀಗಿರುವಾಗ ಎಣಿಸುವುದೇನನ್ನು? ರೋಗನಾಮಗಳ ಒಪ್ಪಿತ ಪಟ್ಟಿಯೊಂದು ಬೇಕೆಂದು ಅವನು ಜೀವಮಾನವೆಲ್ಲ ಹೆಣಗಿದ.

ಫಾರ್ ಎಣಿಸಿದ್ದು ಸತ್ತವರನ್ನು. ಬದುಕಿರುವವರ ಕಡತಕ್ಕೆ ಬರಬೇಕಾದರೆ ನಾವು 1972ಕ್ಕೆ, ಅಮೆರಿಕದ ಇಂಡಿಯಾನಾಪೊಲಿಸ್ ನಗರಕ್ಕೆ ಹೋಗಬೇಕು. ಅಲ್ಲಿ ಕ್ಲೆಮೆಂಟ್ ಮೆಕ್‌ಡೊನಾಲ್ಡ್ ಎಂಬ ವೈದ್ಯರು 35 ಮಂದಿ ಮಧುಮೇಹಿಗಳ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಅವರಿಗೆ ನೆಲೆಯಾಗಿದ್ದ ರೀಗನ್‌ಸ್ಟ್ರೀಫ್ ಸಂಸ್ಥೆಯ ಹಿಂದಿದ್ದ ಧನಿಕರು ಪಾತ್ರೆ ತೊಳೆಯುವ ಯಂತ್ರಗಳನ್ನು ತಯಾರಿಸಿ ಹಣ ಗಳಿಸಿದವರು. ಲಕ್ಷ್ಮಿ ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿಗೆ ಹೋಗುವಳೋ!

ಕಾಗದದ ಕಡತ ಬೇಕಾದಾಗ ಸಿಕ್ಕುವುದಿಲ್ಲ, ಸಿಕ್ಕಿದರೆ ಅಕ್ಷರ ತಿಳಿಯುವುದಿಲ್ಲ. ಇದು ಮೆಕ್‌ಡೊನಾಲ್ಡರ ಮೊದಲ ದೂರು. 1976ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯೊಂದು ಇನ್ನೂ ಆಳಕ್ಕೆ ಹೋಯಿತು. ಒಂಬತ್ತು ಮಂದಿ ವೈದ್ಯರಿಗೆ ಕೆಲವೊಮ್ಮೆ ಯಂತ್ರವು ‘ಈ ರೋಗಿಗೆ ಇಂಥ ಪರೀಕ್ಷೆ ಆಗಬೇಕು’ ಎಂದು ನೆನಪಿಸುತ್ತಿತ್ತು, ಕೆಲವೊಮ್ಮೆ ಸುಮ್ಮನಿರುತ್ತಿತ್ತು. ನೆನಪಿಸಿದಾಗ ನೂರಕ್ಕೆ 51 ಸಂದರ್ಭಗಳಲ್ಲಿ ಅವರು ತಕ್ಕ ಕ್ರಮ ಕೈಗೊಂಡರು. ನೆನಪಿಸದಾಗ 22ರಲ್ಲಿ ಮಾತ್ರ. ಅವರು ಕಲಿಯದವರೂ ಅಲ್ಲ, ಸೋಮಾರಿಗಳೂ ಅಲ್ಲ. ಒಂದು ತಲೆ ಹೊರಬಹುದಾದ ಸಂಗತಿಗಳಿಗೆ ಮಿತಿಯುಂಟು ಎಂಬುದೇ ಲೇಖಕರ ತೀರ್ಮಾನ. ಮನುಷ್ಯನನ್ನು ಪರಿಪೂರ್ಣಗೊಳಿಸಲಾಗದೆಂಬ ಮಾತನ್ನು ಅವರು ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಸೇರಿಸಿದರು. ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಂಥ ಶೀರ್ಷಿಕೆ ಕಂಡಾಗ ನಮ್ಮಂಥವರಿಗೆ ಸ್ವಲ್ಪ ಹತ್ತಿರದವರನ್ನು ಕಂಡಂತಾಗುತ್ತದೆ.

ಒಂದು ಆಸ್ಪತ್ರೆಯೊಳಗೆ ಇದು ನಡೆಯಿತು. 1990ರ ದಶಕದಲ್ಲಿ ಇದನ್ನು ಊರಿನ ಇತರ ಆಸ್ಪತ್ರೆಗಳಿಗೆ ಹಬ್ಬಿಸಹೊರಟಾಗ ಫಾರ್‌ನ ಗೊಣಗಾಟವೇ ಮತ್ತೆ ಕೇಳಿಸಿತು. ‘ಸಕ್ಕರೆ’ ಎಂದರೆ ಯಾವುದು? ರಕ್ತದ್ದೋ, ಮೂತ್ರದ್ದೋ? ಬರಿಹೊಟ್ಟೆಯದೋ, ಊಟದ ನಂತರದ್ದೋ? ಅಳತೆಯಾದರೂ ಒಂದೇ? ನಮ್ಮ ಪ್ರಯೋಗಶಾಲೆಗಳು 100 ಎಂದು ಬರೆಯುವುದನ್ನೇ ಇಂಗ್ಲೆಂಡಿನವರು ತಮ್ಮ ಮಾನದಲ್ಲಿ 5.6 ಎಂದು ಬರೆಯುತ್ತಾರೆ. ಒಬ್ಬ ಓದುಗನು ಸಂದರ್ಭದಿಂದ ಅರ್ಥ ಹಿಡಿದಾನು. ಯಂತ್ರಕ್ಕೆ ಸಂದರ್ಭದ ಅರಿವೆಲ್ಲಿಯದು? ಆದುದರಿಂದ 1994ರಲ್ಲಿ ಆ ಸಂಸ್ಥೆಯವರು ‘ಲಾಯಿಂಕ್’ ಎಂಬ ನಾಮಕೋಶವೊಂದಕ್ಕೆ ಕೈಹಾಕಿದರು. ಅದರಲ್ಲಿ ಒಂದೊಂದು ಪರೀಕ್ಷೆಯ ಹೆಸರಿಗೂ ಆರು ಅಂಗಗಳು: ಅಳೆದದ್ದು ಏನನ್ನು, ಅದರ ಯಾವ ಗುಣವನ್ನು, ಯಾವ ಕಾಲಾವಧಿಯಲ್ಲಿ, ದೇಹದ ಯಾವ ದ್ರವ್ಯದಲ್ಲಿ, ಫಲಿತಾಂಶದ ರೂಪವೇನು, ಅಗತ್ಯವಾದೆಡೆ ವಿಧಾನ ಯಾವುದು. ಕೇಶಿರಾಜನಿಗೆ ತೋರಿಸಿದ್ದರೆ ಮೆಚ್ಚುತ್ತಿದ್ದನೇನೋ. ಕೋಶವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಆದರೆ ಒಂದೊಂದು ಪ್ರಯೋಗಶಾಲೆಯೂ ತನ್ನ ಹಳೆಯ ಹೆಸರುಗಳನ್ನು ಇದಕ್ಕೆ ಸರಿಹೊಂದಿಸಬೇಕಾದ ದುಡಿಮೆ ಸಣ್ಣದಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಸಾಲಿಗೆ ಸಾಲು ಹೋಲಿಸಿ ನೋಡಿದವರಿಗೆ ಅದರ ಬೇಸರವೂ ಬೆಲೆಯೂ ಗೊತ್ತು.

ಮತ್ತೊಂದು ಕಷ್ಟವಿತ್ತು: ಆ ಆಸ್ಪತ್ರೆಗಳು ಒಂದರೊಡನೊಂದು ಸ್ಪರ್ಧಿಸುವಂಥವು. ಒಂದೊಂದರ ದಾಖಲೆಯನ್ನೂ ಬೇರೆ ಬೇರೆಯಾಗಿಯೇ ಇರಿಸಿ, ರೋಗಿಯು ತುರ್ತು ಚಿಕಿತ್ಸೆಗೆ ಬಂದಾಗ ಮಾತ್ರ ಕೂಡಿಸಿ ತೋರಿಸುವ ಉಪಾಯದಿಂದ ಅವರು ಒಪ್ಪಿದರು. ರೋಗಿ ಇವನೇ ಎಂದು ಗುರುತಿಸುವುದಂತೂ ನಾಗವರ್ಮನ ವಿಚಾರದಂತೆಯೇ. ಹೆಸರು, ಹುಟ್ಟಿದ ದಿನ ಮುಂತಾದವನ್ನು ಒಟ್ಟಿಗೆ ತೂಗಿ ನೋಡಬೇಕು. ಇದರಿಂದ ಹಣ ಉಳಿಯಿತೆ? 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ಆಸ್ಪತ್ರೆಯಲ್ಲಿ ರೋಗಿಯ ಭೇಟಿಯೊಂದಕ್ಕೆ ಸುಮಾರು 26 ಡಾಲರ್ ಉಳಿಯಿತು, ಇನ್ನೊಂದರಲ್ಲಿ ಏನೂ ಉಳಿಯಲಿಲ್ಲ. ಎರಡನ್ನೂ ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು.

ನಮ್ಮ ದೇಶದಲ್ಲಿಯೂ ಈ ಕೆಲಸ ಮೊದಲಾಗಿದೆ. 2013ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿದ ಮಾನದಂಡಗಳಲ್ಲಿ ಇದೇ ಲಾಯಿಂಕ್ ಸೇರಿದೆ. 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಮೂಲಕ ಇಷ್ಟಪಟ್ಟವರು 14 ಅಂಕೆಗಳ ಆರೋಗ್ಯ ಸಂಖ್ಯೆಯನ್ನು ಪಡೆಯಬಹುದು. ಕಡತವೆಂದರೆ ಮನೆಯ ಬೀರುವಿನೊಳಗಿನ ಪ್ಲಾಸ್ಟಿಕ್ ಚೀಲವೆಂದೇ ತಿಳಿದಿರುವ ನಮಗೆ ಇದು ಚಿಕ್ಕ ಬದಲಾವಣೆಯಲ್ಲ. ಆ ಕಡತವನ್ನು ಯಾರು ತೆರೆಯಬಹುದು, ಯಾರು ತೆರೆಯಕೂಡದು ಎಂಬುದನ್ನು ರೋಗಿಯನ್ನು ಕೇಳಿಯೇ ನಿರ್ಣಯಿಸಬೇಕು. ಅದರಲ್ಲಿ ರಾಜಿ ಇರಬಾರದು.

ಸಂಖ್ಯೆ ದೊರೆತರೆ ನಾಗವರ್ಮನ ತೊಡಕು ಅಷ್ಟಿಷ್ಟು ಬಿಡಿಸೀತು. ಪ್ರಯೋಗಶಾಲೆಯ ಹೆಸರುಗಳಿಗೂ ಕೋಶ ಸಿದ್ಧವಿದೆ. ಉಳಿಯುವುದು ರೋಗಿಯ ಬಾಯಿಂದ ಬಂದ ಮಾತು. ನಮ್ಮ ಹಳ್ಳಿಯ ಹೆಂಗಸು ವೈದ್ಯರ ಮುಂದೆ ಕುಳಿತು ‘ಉಷ್ಣವಾಗಿದೆ’ ಎನ್ನುತ್ತಾಳೆ. ಅದು ಬಾಯಿಹುಣ್ಣಾಗಿರಬಹುದು, ಕಣ್ಣುರಿಯಾಗಿರಬಹುದು, ಹೇಳಲು ನಾಚಿದ ಉರಿಮೂತ್ರವಾಗಿರಬಹುದು. ಕನ್ನಡ ಚೆನ್ನಾಗಿ ಬಾರದ ತರುಣನೊಬ್ಬ ಅದನ್ನು ಜ್ವರವೆಂದು ಬರೆದುಕೊಂಡರೆ, ಅದು ಜ್ವರವಾಗಿಯೇ ಊರೂರಿನ ಆಸ್ಪತ್ರೆಗಳ ಗಣಕಯಂತ್ರಗಳಲ್ಲಿ ಅವಳ ಹಿಂದೆಯೇ ನಡೆದು ಹೋಗುತ್ತದೆ.